ಖಾಲಿ ಟ್ರೇಲರಿನ ತೂಕ

2004ರ ಬೇಸಿಗೆಯಲ್ಲಿ ನಮ್ಮ ಭಾವನವರಿಗೆ ಕಾರಿನ ಹಿಂದೆ ಕಟ್ಟಿ ಎಳೆಯುವ ಮನೆಯ, ಅಂದರೆ ಟ್ರೇಲರಿನ, ಹುಚ್ಚು ಹಿಡಿಯಿತು. ಭಾವ ಎಂದರೆ ಅಕ್ಕನ ಗಂಡ. ನಮ್ಮಿಂದ ಎರಡು ಗಂಟೆ ದಾರಿಯ ಗ್ಲೆಂಡೇಲ್‌ನಲ್ಲಿ ಮನೆ; ಅಲ್ಲಿನ ಆಫೀಸೊಂದರಲ್ಲಿ ಸೇತುವೆಗಳು ಎಷ್ಟು ಭಾರ ತಡೆಯುತ್ತವೆ ಎಂದು ಲೆಕ್ಕ ಹಾಕುವ ಎಂಜಿನಿಯರ್. ಹಾಗಾಗಿ ಭಾರದ ವಿಷಯದಲ್ಲಿ ಅವರಿಗೆ ಯಾರೂ ಬುದ್ಧಿ ಹೇಳುವಂತಿರಲಿಲ್ಲ.

ನಮ್ಮ ಪಕ್ಕದ ಬಡಾವಣೆ ರ್ಯಾಂಚೊ ಪೆನಾಸ್ಕಿಟೋಸ್‌ನ ನಿವೃತ್ತ ದಂಪತಿಯಿಂದ ಹಳೆಯ ಟ್ರೇಲರ್ ಕೊಂಡು, ಸ್ಕ್ರಿಪ್ಸ್ ರ್ಯಾಂಚ್‌ನ ನಮ್ಮ ಮನೆ ಮುಂದೆ ತಂದು ನಿಲ್ಲಿಸಿದರು. ಮಾರನೆಯ ಬೆಳಿಗ್ಗೆ ಪೂರ್ವದ ಬೆಟ್ಟಕ್ಕೆ ಕ್ಯಾಂಪಿಂಗ್.

"ನಮ್ಮ ಗಾಡಿ ಐದು ಸಾವಿರ ಪೌಂಡ್ ಎಳೆಯುತ್ತೆ. ಟ್ರೇಲರ್ ಬರೀ ನಾಲ್ಕು ಸಾವಿರದ ನೂರು. ಇನ್ನೂ ಒಂಬೈನೂರು ಮಿಕ್ಕಿದೆ," ಎನ್ನುತ್ತಾ ಭಾವ ಕಾರಿನ ಜಾಹೀರಾತು ಪುಸ್ತಿಕೆಯನ್ನು ನನ್ನ ಗಂಡನ ಮೂಗಿನ ಕೆಳಗೆ ಹಿಡಿದರು.

"ಅದು ಖಾಲಿ ಟ್ರೇಲರ್ ತೂಕ ಅಲ್ವಾ ಭಾವ?" ಎಂದೆ. ನಾನು ಲ್ಯಾಬಿನಲ್ಲಿ ಪುಡಿಗಳನ್ನು ಮಿಲಿಗ್ರಾಂ ಲೆಕ್ಕದಲ್ಲಿ ತೂಗುವವಳು.

"ನಿನ್ನ ಲ್ಯಾಬ್ ತಕ್ಕಡಿ ಬೇರೆ, ಇದು ಬೇರೆ ಕಣಮ್ಮ."

ಆಮೇಲೆ ತುಂಬಿಸುವ ಕೆಲಸ ಶುರುವಾಯಿತು. ನೀರಿನ ಟ್ಯಾಂಕ್ ಭರ್ತಿ. ಅಕ್ಕಿ ಮೂಟೆ, ಇಡ್ಲಿ ಹಿಟ್ಟಿಗೆ ಗ್ರೈಂಡರ್, ಕುಕ್ಕರುಗಳು, ಕಬ್ಬಿಣದ ಒಲೆ. ಭಾವನವರು ಮನೆಯಲ್ಲಿ ಒಮ್ಮೆಯೂ ಎತ್ತದ ಡಂಬೆಲ್‌ಗಳನ್ನೂ ಬೆಟ್ಟದ ಗಾಳಿಯಲ್ಲಿ ಎತ್ತುವ ಆಸೆಯಿಂದ ಒಳಗಿಟ್ಟರು. ನಾವಿಬ್ಬರು ನಮ್ಮ ಕಾರಿನಲ್ಲಿ ಬರುತ್ತೇವೆಂದರೆ, "ಎಲ್ಲ ಒಟ್ಟಿಗೆ ಹೋದ್ರೇ ಮಜಾ," ಎಂದು ಅವರ ಇಬ್ಬರು ಹೆಣ್ಣುಮಕ್ಕಳೂ ಸೇರಿ ಆರು ಜನರನ್ನು ಒಂದೇ ಗಾಡಿಗೆ ಹತ್ತಿಸಿದರು. ಟ್ರೇಲರ್ ಕೊಂಡಿಗೆ ಸಿಕ್ಕಿಸಿದ್ದೇ ತಡ, ಕಾರಿನ ಹಿಂಭಾಗ ಕುಸಿದು ಮೂತಿ ಆಕಾಶ ನೋಡಿತು. ನಾನು ಮೆತ್ತಗೆ ಕೇಳಿದ್ದಕ್ಕೆ ಭಾವನಿಂದ ಸಿಕ್ಕ ಉತ್ತರ: "ಅದು ಹಾಗೇನೇ ಇರೋದು."

ಬೆಟ್ಟದ ಏರಿನಲ್ಲಿ ಎಂಜಿನ್ ಗೊಗ್ಗರು ದನಿಯಲ್ಲಿ ಅರಚತೊಡಗಿತು. ಪಕ್ಕದಲ್ಲೊಂದು ಭಾರಿ ಲಾರಿ ಸರ್ರನೆ ದಾಟಿತು. ಅದರ ಗಾಳಿಗೆ ಟ್ರೇಲರ್ ಎಡಕ್ಕೆ ಬಲಕ್ಕೆ ಓಲಾಡಿ, ಅದರ ಜೊತೆ ನಮ್ಮನ್ನೂ ಓಲಾಡಿಸಿತು. "ಡ್ಯಾಡ್, ಸ್ಲೋ ಡೌನ್!" ಎಂದು ದೊಡ್ಡ ಮಗಳು ಕಿರುಚಿದಳು. ಅಕ್ಕ ನನ್ನ ತೊಡೆಯನ್ನು ಉಗುರು ನಾಟುವಂತೆ ಹಿಡಿದಿದ್ದಳು. ಭಾವ ಆಕ್ಸಿಲರೇಟರ್‌ನಿಂದ ಕಾಲು ತೆಗೆದರು. ಓಲಾಟ ನಿಂತಿತು. ಮುಂದಿನ ಎಕ್ಸಿಟ್‌ನಲ್ಲಿ ಹೆದ್ದಾರಿ ಬಿಟ್ಟು ಗಾಡಿ ಇಳಿಸಿದರು.

ಅಲ್ಲಿ ಲಾರಿಗಳನ್ನು ತೂಗುವ ಕಟ್ಟೆಯಿತ್ತು. ನಮ್ಮನ್ನೂ ತೂಗಿಸಿದೆವು. ಟ್ರೇಲರ್ ಐದು ಸಾವಿರದ ಮುನ್ನೂರು ಪೌಂಡ್. ಅದರಲ್ಲಿ ಏಳುನೂರು ಕೊಂಡಿಯ ಮೂಲಕ ಕಾರಿನ ಬೆನ್ನಿನ ಮೇಲೇ ಕೂತಿತ್ತು. ಚೀಟಿ ಕೊಟ್ಟ ಹೆಂಗಸು ಡ್ರೈವರ್ ಬಾಗಿಲನ್ನು ತೆರೆದು, ಚೌಕಟ್ಟಿಗೆ ಅಂಟಿಸಿದ್ದ ಸ್ಟಿಕರ್ ಮೇಲೆ ಬೆರಳಿಟ್ಟಳು. ಜನ, ಸಾಮಾನು, ಕೊಂಡಿಯ ಭಾರ ಎಲ್ಲ ಸೇರಿ ಈ ಗಾಡಿ ಹೊರಬಹುದಾದದ್ದು ಸಾವಿರದ ಇನ್ನೂರು. ನಾವು ಆರು ಜನರೇ ಒಂಬೈನೂರು. ಡಂಬೆಲ್ ಎಸೆದು, ನೀರು ಚೆಲ್ಲಿ, ಟ್ರೇಲರನ್ನು ಬರಿದು ಮಾಡಿದರೂ ಲೆಕ್ಕ ಕೂಡುತ್ತಿರಲಿಲ್ಲ; ಖಾಲಿ ಟ್ರೇಲರ್ ಕೊಂಡಿಯ ಮೇಲೆ ಹೇರುವ ಭಾರವೇ ಮಿಕ್ಕ ಮುನ್ನೂರನ್ನು ಮೀರುತ್ತಿತ್ತು.

ಅಕ್ಕ ಚೀಟಿ ಓದಿ ಮಡಚಿದಳು. "ರೀ, ಬ್ರಿಡ್ಜ್ ಕಟ್ಟುವಾಗ್ಲೂ ಬರೀ ಖಾಲಿ ಲಾರಿನೇ ಲೆಕ್ಕಕ್ಕೆ ತಗೋತೀರಾ?"

ಭಾವ ಟೈರ್ ನೋಡಲು ಬಗ್ಗಿದರು.

ಕೊನೆಗೆ ಸ್ನೇಹಿತರೊಬ್ಬರಿಗೆ ಫೋನ್ ಮಾಡಿ ವ್ಯಾನ್ ತರಿಸಿ, ನಾವು ಐವರು ಗ್ರೈಂಡರ್ ಸಮೇತ ಅದರಲ್ಲಿ ಮನೆ ಸೇರಿದೆವು. ಭಾವ ಒಬ್ಬರೇ ಬರಿದಾದ ಟ್ರೇಲರನ್ನು ಬಲಗಡೆ ಲೇನ್‌ನಲ್ಲಿ ಆಮೆಯಂತೆ ಎಳೆದು ತಂದರು. ಬಂದವರೇ ಎರಡು ಲೋಟ ನೀರು ಕುಡಿದು ಸೋಫಾದಲ್ಲಿ ಮಲಗಿಬಿಟ್ಟರು. ಶೂ ಕೂಡ ಬಿಚ್ಚಲಿಲ್ಲ. ಅದನ್ನು ನೋಡಿ ಆ ಹೊತ್ತಿಗೆ ನನಗೆ ನಗು ಬರಲಿಲ್ಲ.

ನಗು ಬಂದದ್ದು ಮುಂದಿನ ಯುಗಾದಿ ಊಟದಲ್ಲಿ. ಟ್ರೇಲರ್ ಕೊಳ್ಳಬೇಕೆಂದಿದ್ದ ಹೊಸಬರೊಬ್ಬರನ್ನು ಕೂರಿಸಿಕೊಂಡು ಭಾವ ಗಂಭೀರವಾಗಿ ಪಾಠ ಮಾಡುತ್ತಿದ್ದರು: "ಜನ ಏನ್ ತಪ್ಪು ಮಾಡ್ತಾರೆ ಗೊತ್ತಾ? ತುಂಬಿದ ಮೇಲೆ ತೂಗಿಸೋದೇ ಇಲ್ಲ. ನಾನಂತೂ ಮೊದಲು ಮಾಡೋ ಕೆಲಸ ಅದು." ಹೊಸಬರು ಭಕ್ತಿಯಿಂದ ತಲೆಯಾಡಿಸಿದರು. ಅಕ್ಕ ನನ್ನ ಕಡೆ ನೋಡದೆ ಇಬ್ಬರಿಗೂ ಇನ್ನೊಂದೊಂದು ಹೋಳಿಗೆ ಬಡಿಸಿದಳು.