ಹೋಗಲಾಗದ ಬಾಣಂತನ

ಯಜಮಾನರು ತೀರಿಕೊಂಡ ಮೇಲೆ, ಕೆನಡಾದ ಪೌರತ್ವ ಬಿಟ್ಟು ಮತ್ತೆ ಭಾರತದವಳಾಗಬೇಕೆಂದು ಆರ್.ಟಿ. ನಗರಕ್ಕೆ ಬಂದೆ. ಅರ್ಜಿ ಹಾಕುವ ಮುನ್ನ ಒಂದು ವರ್ಷ ಬಿಡದೆ ಇಲ್ಲೇ ಇರಬೇಕಂತೆ. ಅರ್ಜಿ ಕೊಟ್ಟು ಮಗಳ ಬಾಣಂತನಕ್ಕೆ ಹೋದರಾಯಿತು ಎಂದುಕೊಂಡಿದ್ದೆ. ನಾನಿಲ್ಲಿಗೆ ಬಂದ ಹನ್ನೊಂದನೆಯ ತಿಂಗಳಲ್ಲೇ, ದಿನ ತುಂಬುವ ಮೊದಲೇ, ಅಲ್ಲಿ ಕೆನಡಾದಲ್ಲಿ ಅವಳಿಗೆ ಹೆರಿಗೆಯಾಯಿತು.

“ಹೆತ್ತ ತಾಯೀನೇ ಹೋಗ್ದಿದ್ರೆ ಹೆಂಗ್ರೀ?” ಎಂದರು ಎದುರುಮನೆಯಾಕೆ.

ಮಗಳಿಗೆ ಫೋನ್ ಮಾಡಿ, “ಹೊರಟುಬಿಡ್ಲೇನೇ?” ಎಂದೆ.

“ಬೇಡಮ್ಮ, ಮತ್ತೆ ಮೊದ್ಲಿಂದ ವರ್ಷ ಎಣಿಸ್ಬೇಕಾಗುತ್ತೆ. ಅತ್ತೆ ಇದ್ದಾರಲ್ಲ. ಅವ್ರ ಮೆಣಸಿನ ಸಾರು ಮಾತ್ರ ಬರೀ ನೀರು ಕಣಮ್ಮ!” ಎಂದು ನಕ್ಕಳು.

ತಾಯಿ ಮಗು ಕ್ಷೇಮ, ಬೀಗಿತ್ತಿ ಒಳ್ಳೆಯವರು. ದೇವರು ಅಷ್ಟು ನಡೆಸಿಕೊಟ್ಟ. ಆದರೂ ಅಂದು ದೀಪ ಹಚ್ಚಿದ ಮೇಲೆ ಏಳಲು ಮನಸ್ಸಾಗಲಿಲ್ಲ. ಕೂಸಿಗೆ ಎಣ್ಣೆ ಹಚ್ಚಿ ಎರೆಯಬೇಕಿದ್ದವಳು ಗೋಡೆಗೊರಗಿ ಸುಮ್ಮನೆ ಕುಳಿತೆ.