ಶ್ಯಾಮಲಾಳ ಬಿಂದಿಗೆ

ಕೆಜಿಎಫ್‌ನ ಊರಿಗಾಂನಲ್ಲಿ, ಗಣಿ ಕೆಲಸದವರ ಸಾಲುಮನೆಗಳಲ್ಲಿ, ನಮ್ಮದೊಂದು ಲೈನ್ ಮನೆ. ಅದರ ಮುಂದಿನ ಕೋಣೆಯಲ್ಲಿ ಶ್ಯಾಮಲಾ ಬಾಡಿಗೆಗೆ ಇದ್ದಾಳೆ. ಬಂಗಾರಪೇಟೆಯವಳು. ಪಾನಿಪುರಿ ಗಾಡಿಯವರಿಗೆ ಪೂರಿ ಕರಿದು ಕೊಡುತ್ತಾಳೆ. ಹುಟ್ಟಿದಾಗ ಗಂಡುಮಗು ಅಂದುಕೊಂಡು ಗಂಡು ಹೆಸರಿಟ್ಟಿದ್ದರು. ಆ ಹೆಸರನ್ನು ಅವಳು ಹೇಳುವುದಿಲ್ಲ, ನಾನೂ ಬರೆಯುವುದಿಲ್ಲ.

ನಾನು ಹೆಣ್ಣು ಅಂತ ಅವಳು ಮನೆಯಲ್ಲಿ ಹೇಳಿದಾಗ ಅವಳ ಅಪ್ಪ ಜಯರಾಮಪ್ಪ ಅದಕ್ಕೆ ಹುಚ್ಚು ಅಂದ. ಮಾತ್ರೆ ನುಂಗಿಸಿದ. ಹಗಲೆಲ್ಲ ನಿದ್ದೆ, ಎದ್ದರೆ ಕೈ ನಡುಕ. ತಪ್ಪಿಸಿಕೊಂಡು ಬಂದು ನಮ್ಮ ಬಾಗಿಲಲ್ಲಿ ನಿಂತಳು. ನನ್ನ ಗಂಡ ಕುಪ್ಪುಸ್ವಾಮಿ ಬೀಗದ ಕೈ ಕೊಟ್ಟರು. "ಕೋಣೆ ಚಿಕ್ಕದಮ್ಮಾ" ಅಂದರು, ಅಷ್ಟೇ.

ಹುಚ್ಚಿನ ಸುದ್ದಿ ಅವಳ ಹಿಂದೆಯೇ ಬಂತು. ಲೈನಿಗೆಲ್ಲ ಒಂದೇ ಕೊಳಾಯಿ. ನೀರು ಬಿಡುವ ಮೊದಲೇ ಬಿಂದಿಗೆಗಳನ್ನು ಸಾಲಾಗಿ ಇಡಬೇಕು. ಸಾಲಿನಲ್ಲಿ ಬಿಂದಿಗೆ ಇದ್ದರೆ ಮಾತ್ರ ಲೈನಿನವರು. ಶ್ಯಾಮಲಾ ಇಟ್ಟ ಬಿಂದಿಗೆಯನ್ನು ಪಕ್ಕದ ಮನೆ ಆದಿಲಕ್ಷ್ಮಮ್ಮ ಕಾಲಲ್ಲಿ ಆಚೆಗೆ ತಳ್ಳುತ್ತಿದ್ದಳು.

"ಮೆಂಟಲ್ ಕೇಸು. ಯಾವತ್ತು ಯಾರ ಮೇಲೆ ಬೀಳ್ತದೋ."

ನಮ್ಮ ಬಿಂದಿಗೆ ಮೂವರಿಗೆ ಸಾಲುತ್ತಿರಲಿಲ್ಲ. ನೀರಿಲ್ಲದೆ ಯಾರು ಬದುಕುತ್ತಾರೆ? ಇಲ್ಲಿ ಬಿಟ್ಟರೆ ಅವಳಿಗೆ ಇದ್ದದ್ದು ಅಪ್ಪನ ಮನೆ, ಆ ಮಾತ್ರೆ.

ಆಗ ನನ್ನ ಗಂಡ ಸತ್ತರು. ಗಣಿ ಮುಚ್ಚಿದರೂ ಅದರ ಧೂಳು ಅವರ ಎದೆಯಲ್ಲಿತ್ತು. ಇನ್ನೇನೂ ಬರೆಯಲು ನನ್ನಿಂದ ಆಗುವುದಿಲ್ಲ.

ಸಾವಾದ ಮನೆಯ ಬಿಂದಿಗೆಯನ್ನು ಮೊದಲು ತುಂಬಿಸುವುದು ನಮ್ಮ ಲೈನಿನ ಪದ್ಧತಿ. ಗಂಡ ಸತ್ತವಳು ಒಂದು ತಿಂಗಳು ಕೊಳಾಯಿ ಹತ್ತಿರ ಬರುವಂತಿಲ್ಲ. ನನಗೆ ಮಕ್ಕಳಿಲ್ಲ. ನನ್ನ ಬಿಂದಿಗೆ ಹಿಡಿದು ಶ್ಯಾಮಲಾ ಹೋದಳು. ಸಾವಿನ ಮನೆ ಬಿಂದಿಗೆಯನ್ನು ತಳ್ಳಲು ಆದಿಲಕ್ಷ್ಮಮ್ಮನಿಗೂ ಕಾಲು ಬರಲಿಲ್ಲ. ಎದುರಿಗೇ ನಿಂತವಳ ಜೊತೆ ಎಷ್ಟು ದಿನ ಮಾತು ಬಿಟ್ಟಿರುತ್ತಾಳೆ? ಮೊದಲು ಸೊಂಟನೋವಿನ ಮಾತು ಬಂತು, ಆಮೇಲೆ ಸೊಸೆಯ ಮೇಲಿನ ದೂರು.

ತಿಂಗಳು ಮುಗಿಯಿತು. ನನ್ನ ಬಿಂದಿಗೆ ನಾನೇ ಹಿಡಿದು ಹೋದೆ. ಶ್ಯಾಮಲಾ ತನ್ನದನ್ನು ಸಾಲಿನ ಕೊನೆಗೆ ಇಟ್ಟು ದೂರ ನಿಂತಳು. ಆದಿಲಕ್ಷ್ಮಮ್ಮ ನೋಡಿದಳು. ತಳ್ಳಲಿಲ್ಲ.

ಅವತ್ತೇ ಜಯರಾಮಪ್ಪ ಕೊಳಾಯಿ ಹತ್ತಿರಕ್ಕೇ ಆಟೋ ತಂದ.

"ನಡೀಲಾ, ಆಟೋ ಅತ್ತು. ಒಸಾ ಡಾಕ್ಟ್ರವ್ರೆ. ವಾಸಿ ಮಾಡ್ತಾರಂತೆ."

"ಮೊದಲ್ನೇ ಡಾಕ್ಟ್ರು ಏನಂದ್ರಪ್ಪಾ? ಕಾಯಿಲೆ ಇಲ್ಲ, ಸುಮ್ನೆ ಬಿಟ್ಬುಡಿ ಅಂದ್ರು. ನೀನು ಡಾಕ್ಟ್ರುನ್ನೇ ಬದ್ಲಾಯ್ಸಿ ಮಾತ್ರೆ ತಂದೆ."

ಅವನು ಅವಳ ರಟ್ಟೆ ಹಿಡಿದ. ನಾನು ಅಡ್ಡ ಹೋದೆ.

"ನಿಮ್ಗೆ ಗೊತ್ತಾಗಲ್ಲ ಕಣಮ್ಮಾ. ಇವನ್ಗೆ ತಲೆ ಸರಿಯಿಲ್ಲ."

"ಯಾರಿಗಯ್ಯಾ ಸರಿಯಿಲ್ದಿರೋದು?" ಅಂದಳು ಆದಿಲಕ್ಷ್ಮಮ್ಮ. "ತಿಂಗ್ಳೆಲ್ಲ ನನ್ ಸೊಸೆ ಕತೆ ಕೇಳವ್ಳೆ. ಒಂದ್ ಕಿತಾನೂ ಸೊಸೆ ಪರ ಮಾತಾಡಿಲ್ಲ. ಇದಕ್ಕಿಂತ ನೆಟ್ಟಗಿರೋ ತಲೆ ಎಲ್ಲೈತೆ?"

ಹೆಂಗಸರು ನಕ್ಕರು. ಆದಿಲಕ್ಷ್ಮಮ್ಮ ನಗಲಿಲ್ಲ.

"ಕೈ ಬಿಡು. ಅವ್ಳ ಸರದಿ ಬತ್ತಾ ಐತೆ."

ಅಷ್ಟು ಜನರ ಎದುರಿಗೆ ಅವನು ಕೈ ಬಿಟ್ಟ. ಕಲ್ಲಿನ ಮೇಲೆ ಕೂತ. ಮುಖ ಬಾಡಿತ್ತು. ಶ್ಯಾಮಲಾ ಬಿಂದಿಗೆ ತುಂಬಿಸಿ, ಅವನಿಗೆ ಒಂದು ಚೊಂಬು ನೀರು ಕೊಟ್ಟಳು. ಕುಡಿದ.

"ನಿಮ್ಮಮ್ಮ ನೋಡ್ಬೇಕಂತಾಳೆ. ಭಾನುವಾರ ಬಾ."

"ಸೀರೆ ಉಟ್ಕೊಂಡೇ ಬತ್ತೀನಿ. ಮಾತ್ರೆ ಇಟ್ಟಿರ್ಬ್ಯಾಡ."

ಅವನು ಚೊಂಬು ಹಿಂದಕ್ಕೆ ಕೊಟ್ಟ. ಒಬ್ಬನೇ ಆಟೋ ಹತ್ತಿ ಹೋದ.

ಭಾನುವಾರ ಅವಳು ಬಂಗಾರಪೇಟೆ ರೈಲು ಹತ್ತಿದಳು. ಅಲ್ಲೇ ಹಿಡಿದು ಕೂರಿಸಿಕೊಂಡರೆ ಅಂತ ದಿನವೆಲ್ಲ ನನಗೆ ಅನ್ನ ಇಳಿಯಲಿಲ್ಲ. ಸಂಜೆ ರೈಲಿಗೆ ಬಂದಳು. ಜಡೆ ಹೊಸದಾಗಿತ್ತು.

"ಅಮ್ಮ ಆಕಿದ್ದು, ದೊಡ್ಡಮ್ಮಾ. ಅಪ್ಪ ಮಾತಾಡ್ಲಿಲ್ಲ. ಎದ್ರುಗೆ ಕೂತು ಉಂಡ."

ನನ್ನ ಗಂಡ ಇದ್ದಿದ್ದರೆ ಕೇಳಿಸಿಕೊಳ್ಳುತ್ತಿದ್ದರು. ನಾನು ಕೇಳಿಸಿಕೊಂಡೆ. ಅವಳು ನಾಳೆಯ ಪೂರಿಗೆ ಹಿಟ್ಟು ಕಲಸಲು ಕೂತಳು. ನಾನು ತಟ್ಟೆಗೆ ಅನ್ನ ಹಾಕಿಕೊಂಡೆ.