ಸೀರಿಯಸ್ ಅನ್ನಬ್ಯಾಡ್ರಿ

ನೆಲಕ್ಕೆ ಕೂರುವಾಗ ನಮ್ಮ ಸರ್ ಅವರ ಮೊಣಕಾಲು ಎರಡೂ ಚಟ್ ಎನ್ನುತ್ತಿದ್ದವು. ಅಗ್ನಿಶಾಮಕ ದಳದಲ್ಲಿ ವರ್ಷಗಟ್ಟಲೆ ಏಣಿ ಹತ್ತಿಳಿದು ಸವೆದ ಕಾಲುಗಳು. ಎಡಗೈ ಮೇಲಿನ ಸುಟ್ಟ ಚರ್ಮ ಹಪ್ಪಳದಂತೆ ಸುಕ್ಕುಗಟ್ಟಿತ್ತು. ಕುರ್ಚಿ ಇದ್ದರೂ ಒಂದು ಪಾಠವನ್ನು ಮಾತ್ರ ಅವರು ನೆಲದ ಮೇಲೆ ಕೂತೇ ಮಾಡುತ್ತಿದ್ದರು. ಸಾವಿನ ಸುದ್ದಿಯನ್ನು ಮನೆಯವರಿಗೆ ಮುಟ್ಟಿಸುವ ಪಾಠ ಅದು.

ಅಮೀರ್‌ಪೇಟೆಯ ಗೋಡೆಗಳೆಲ್ಲ ಸಾಫ್ಟ್‌ವೇರ್ ಕೋರ್ಸಿನ ಪೋಸ್ಟರುಗಳಲ್ಲಿ ಮುಚ್ಚಿಹೋಗಿದ್ದ ಕಾಲದಲ್ಲಿ ನಾನು ತುರ್ತುಸ್ಥಿತಿ ನಿರ್ವಹಣೆ ಎಂಬ ಹೊಸ ಪದವಿಗೆ ಸೇರಿದ್ದೆ. ಬೆಂಕಿ, ಪ್ರವಾಹ, ಕಟ್ಟಡ ಕುಸಿತ, ಏನಾದರೂ ಆದಾಗ ಯಾರು ಏನು ಮಾಡಬೇಕು ಎಂಬುದರ ಓದು. ನಿಜ ಹೇಳಬೇಕೆಂದರೆ ಇಂಜಿನಿಯರಿಂಗಿಗೆ ನನ್ನ ಅಂಕ ಸಾಲಲಿಲ್ಲ. "ಬೆಂಕಿ ಬಿದ್ದಾಗ ಬಾವಿ ತೋಡಾಕೂ ಡಿಗ್ರಿ ಬಂತೇನ?" ಎಂದು ಸೋದರಮಾವ ಕಂಡಾಗಲೆಲ್ಲ ಕಾಡಿಸುತ್ತಿದ್ದ. ನಾಂಪಲ್ಲಿಯ ಕಚೇರಿಯೊಂದರಲ್ಲಿ ಗುಮಾಸ್ತರಾಗಿದ್ದ ಅಪ್ಪ ಫೀಸು ಕಟ್ಟಿದ ರಸೀದಿಯನ್ನು ನನ್ನ ಕೈಗಿಟ್ಟು ಪೇಪರ್ ಓದಲು ಕೂತರು.

ಸರ್ ಬೀದರ್ ಕಡೆಯವರು. ನಿವೃತ್ತಿಯಾದ ಮೇಲೆ ನಮ್ಮ ಕಾಲೇಜಿಗೆ ಬಂದಿದ್ದರು. ಪಾಠವೆಲ್ಲ ತೆಲುಗು, ಇಂಗ್ಲಿಷಿನಲ್ಲಿ. ನಾನು ಕನ್ನಡದವಳೆಂದು ಗೊತ್ತಾದ ದಿನ, "ನಮ್ಮಾಕಿನ ಅದಿ ಬಿಡು" ಎಂದು ಮನೆಗೇ ಕರೆದೊಯ್ದು ಹೆಂಡತಿಯ ಮುಂದೆ ಕೂರಿಸಿದರು. ಆಕೆಯನ್ನು ನಾನು ಚಿಕ್ಕಮ್ಮನೆಂಬಂತೆ ಕಾಕು ಎಂದೇ ಕರೆಯತೊಡಗಿದೆ. ಗಂಡನನ್ನು ಹಂಗಿಸುವುದೆಂದರೆ ಕಾಕುವಿಗೆ ಹಬ್ಬ. "ಮದುವಿಗೆ ಹೋದ್ರ ಎಲ್ಲಾರೂ ಅಕ್ಷತಿ ಹಾಕಿದ್ರ ಇವರು ಹಿಂದಿನ ಬಾಗಿಲಾ ಎಲ್ಲೈತಿ ಅಂತ ಹುಡುಕ್ತಾರ ನೋಡವಾ" ಎನ್ನುತ್ತಿದ್ದರು. ಸರ್ ನಕ್ಕು, ಬೆಂಕಿ ಬಿದ್ದರೆ ಹೊರಬೀಳುವ ಬಾಗಿಲು ಸಿಗದೆ ಊಟಕ್ಕೇ ಕೂರುವುದಿಲ್ಲ ಎಂದು ಒಪ್ಪಿಕೊಳ್ಳುತ್ತಿದ್ದರು.

ಗಚ್ಚಿಬೌಲಿಯಲ್ಲಿ ಆಗ ದಿನಕ್ಕೊಂದು ಗಾಜಿನ ಕಟ್ಟಡ ಏಳುತ್ತಿತ್ತು. ಕಟ್ಟುತ್ತಿದ್ದವರು ಯಾದಗಿರಿ, ರಾಯಚೂರು, ಕಲಬುರ್ಗಿ ಕಡೆಯ ನಮ್ಮ ಜನ. ಅವರಲ್ಲಿ ಯಾರಿಗಾದರೂ ಹೆಚ್ಚುಕಡಿಮೆಯಾದರೆ, ಕನ್ನಡ ಬಲ್ಲವರು ಬೇಕೆಂದು ಪೊಲೀಸರು ಸರ್‌ಗೆ ಹೇಳಿಕಳಿಸುತ್ತಿದ್ದರು. ಎರಡನೆಯ ವರ್ಷದಲ್ಲಿ ಒಮ್ಮೆ ನನ್ನನ್ನೂ ಕರೆದುಕೊಂಡು ಹೋದರು. ತಳಪಾಯದ ಗುಂಡಿಯಲ್ಲಿ ಮಣ್ಣು ಕುಸಿದು ಒಬ್ಬ ಸತ್ತಿದ್ದ. ಸೂಪರ್‌ವೈಸರ್ ಅವನ ಹೆಂಡತಿಗೆ "ಆಸ್ಪತ್ರೆಗೆ ಒಯ್ದಿದ್ದಾರೆ, ಸ್ವಲ್ಪ ಸೀರಿಯಸ್" ಎಂದಷ್ಟೇ ಹೇಳಿ ಜಾರಿಕೊಂಡಿದ್ದ.

ನಾವು ಹೋದಾಗ ಆಕೆ ತಗಡಿನ ಶೆಡ್ಡಿನಲ್ಲಿ ಗಂಡನಿಗೆಂದು ರೊಟ್ಟಿ, ಪುಂಡಿಪಲ್ಯ ಕಟ್ಟುತ್ತಿದ್ದಳು. ಸರ್ ಅವಳೆದುರು ಮಣ್ಣಿನಲ್ಲೇ ಕೂತರು. ಗಂಡನ ಹೆಸರು ಕೇಳಿದರು. ಆಕೆ ಹೇಳಲಿಲ್ಲ, ಸೆರಗು ಎಳೆದುಕೊಂಡಳು. ಪಕ್ಕದ ಶೆಡ್ಡಿನವಳು ಹೇಳಿದಳು. ಅವನೇ ಎಂದು ಖಾತ್ರಿಯಾದ ಮೇಲೆ ಸರ್, "ನಿನ್ನ ಗಂಡ ಸತ್ತಾನವ್ವಾ. ಮಣ್ಣು ಮ್ಯಾಲ ಬಿದ್ದು ಸತ್ತಾನ" ಎಂದರು.

"ಸೀರಿಯಸ್ ಅಂದ್ರಲ್ಲರೀ?"

"ಇಲ್ಲವ್ವಾ. ಸತ್ತಾನ."

ಅವಳು ಚೀರಿದ್ದನ್ನು ನನಗೆ ಈಗಲೂ ನೆನೆಯಲಾಗದು. ಸರ್ ಅಲ್ಲಾಡಲಿಲ್ಲ. ಅವಳು ಅವರ ಎದೆಗೆ ಗುದ್ದಿದಳು, ಸೂಪರ್‌ವೈಸರನಿಗೆ ಹಾಕಬೇಕಾದ ಶಾಪವನ್ನೆಲ್ಲ ಇವರಿಗೆ ಹಾಕಿದಳು. ಅವಳು ತಾನಾಗಿ ಏಳುವವರೆಗೂ ಅವರು ಏಳಲಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ನನಗೆ ಸಿಟ್ಟು ಉಕ್ಕಿತು. "ಅಷ್ಟು ಕಡ್ಡಿ ಮುರಿದಂಗ ಹೇಳಬೇಕಿತ್ತೇನ್ರಿ ಸರ್?" ಎಂದೆ. ಅವರು ಟಿಕೀಟನ್ನು ಜೇಬಿಗಿಟ್ಟು ನನ್ನ ಕಡೆ ತಿರುಗಿದರು.

"ನಮ್ಮಪ್ಪ ತೀರಿದಾಗ ನಂಗೂ ಸೀರಿಯಸ್ ಅಂತನ ತಂತಿ ಬಂದಿತ್ತು ತಂಗಿ. ಊರು ಮುಟ್ಟೋತನಕ ಕಂಡ ಕಂಡ ದೇವರಿಗೆ ಹರಕಿ ಹೊತ್ತೆ. ಹೋಗಿ ನೋಡಿದ್ರ ಚಿತಿ ಉರಿಯಾಕತ್ತಿತ್ತು. ಸತ್ತವರ ಜೀವಾ ಉಳಸು ಅಂತ ಬೇಡಿಕೊಂಡಿದ್ನಲ್ಲ, ಆ ದೇವರ ಮಾರಿ ನೋಡಾಕ ನಂಗ ಇನ್ನೂ ಆಗವಲ್ದು. ಸೀರಿಯಸ್ ಅನ್ನಬ್ಯಾಡ್ರಿ. ಅದು ಹೇಳವರ ಅನುಕೂಲಕ್ಕ ಇರೋ ಮಾತು, ಕೇಳವರಿಗಲ್ಲ."

ನಾನು ಒಪ್ಪಿದೆ. ಒಪ್ಪಿದ್ದಷ್ಟೇ ಅಲ್ಲ, ನಂಬಿದೆ. ಮಾವನ ಕುಹಕಕ್ಕೆ ಅಂದಿನಿಂದ ನಾನು ಸಿಡುಕಲಿಲ್ಲ.

ಕೊನೆಯ ವರ್ಷದ ಜನವರಿಯಲ್ಲಿ, ಒಂದು ಬೆಳಿಗ್ಗೆ, ಸರ್ ಕಾಲೇಜಿನ ಮೆಟ್ಟಿಲ ಮೇಲೆ ಎದೆ ಹಿಡಿದು ಕುಸಿದರು. ಅವರೇ ಕಲಿಸಿದಂತೆ ಎದೆ ಒತ್ತಿದೆವು, ಕೈ ಬದಲಿಸಿ ಬದಲಿಸಿ ಒತ್ತಿದೆವು. ಆಸ್ಪತ್ರೆಯಲ್ಲಿ ವೈದ್ಯರು ಇಲ್ಲವೆಂದು ತಲೆಯಾಡಿಸಿದರು. ಅಲ್ಲೇ ಕೌಂಟರಿನಲ್ಲಿ ನಮ್ಮ ಪ್ರಿನ್ಸಿಪಾಲರು ಫೋನ್ ಕೈಗೆತ್ತಿಕೊಂಡು, "ಇಂಟಿಕಿ ಸೀರಿಯಸ್ ಅನಿ ಚೆಪ್ದಾಂ" ಎಂದರು. ಮನೆಗೆ ಹಾಗೇ ಹೇಳೋಣ ಎಂದು. ನಾನು ಅವರ ಕೈಯಿಂದ ಫೋನು ಕಸಿದುಕೊಂಡೇ ಬಿಟ್ಟೆ. ನಾನೇ ಹೋಗಿ ಹೇಳುತ್ತೇನೆ ಎಂದೆ.

ನಾಂಪಲ್ಲಿಯಲ್ಲಿ ವರ್ಷಾವರ್ಷದ ಎಕ್ಸಿಬಿಶನ್ನಿಗೆ ಸರಕು ತರುವ ಲಾರಿಗಳ ಗದ್ದಲ. ಆಟೊ ತೆವಳುತ್ತಿತ್ತು. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಬಾಯಲ್ಲೇ ಜಪಿಸಿದೆ. ಕಾಕು ಮೆಂತ್ಯೆಸೊಪ್ಪು ಬಿಡಿಸುತ್ತ ಕೂತಿದ್ದರು. "ಬಾರವಾ, ಇಷ್ಟೊತ್ತಿನಾಗ? ಕಾಲೇಜಿಲ್ಲೇನು?" ಎಂದರು. ನಾನು ಅವರೆದುರು ನೆಲಕ್ಕೆ ಕೂತೆ. ನಾಲಿಗೆ ತುದಿಗೆ ಬಂದದ್ದು ಆ ಸುಲಭದ ಮಾತೇ. ನುಂಗಿಕೊಂಡೆ.

"ಕಾಕು, ಸರ್ ತೀರಿಕೊಂಡರು."

ಅವರು ಕೈಯಲ್ಲಿದ್ದ ಸೊಪ್ಪಿನ ಕಡ್ಡಿಯನ್ನು ಇಟ್ಟರು. ನನ್ನನ್ನು ನೋಡಿದರು. ಆಮೇಲೆ ನನ್ನ ಭುಜ ಹಿಡಿದು ಅಲುಗಾಡಿಸಿದರು.

"ಸೀರಿಯಸ್ ಅಂತ ಅನ್ನಬಾರದಾಗಿತ್ತೇನ ನಿನಗ? ಆಸ್ಪತ್ರಿ ಮುಟ್ಟೋತನಕನರ ಇರ್ತಿದ್ರಲ್ಲೇ ನಂಗ!"

ನಾನು ಏಳಲಿಲ್ಲ. ಅವರು ಅತ್ತರು, ಬೈದರು, ಮತ್ತೆ ನನ್ನನ್ನೇ ತಬ್ಬಿಕೊಂಡು ಅತ್ತರು. ಮುಂದೆ ಆ ಮಾತನ್ನು ಕಾಕು ಎಂದೂ ಎತ್ತಲಿಲ್ಲ, ಹೋದಾಗಲೆಲ್ಲ ಚಹಾ ಮಾಡಿಕೊಟ್ಟರು. ನಾನು ಇವತ್ತಿಗೂ ಇದೇ ಕೆಲಸದಲ್ಲಿದ್ದೇನೆ, ಹೇಳಬೇಕಾದ ಮನೆಗಳಲ್ಲಿ ಸರ್ ಕಲಿಸಿದಂತೆಯೇ ಹೇಳುತ್ತೇನೆ. ನನ್ನ ಅನ್ನ ಅವರದ್ದು. ಆದರೆ ಅಂದು ಸಂಜೆ ಎಲ್ಲ ಮುಗಿದ ಮೇಲೆ ಬಸ್ಸು ಹತ್ತಿ ಕೂತಾಗ, ಕಾಕು ಅಂದದ್ದೂ ಖರೆ ಅಲ್ಲವೇನ್ರಿ ಸರ್ ಎಂದು ಕೇಳಬೇಕೆನಿಸಿತು. ಪಕ್ಕದ ಸೀಟಿನಲ್ಲಿ ಯಾರೋ ನಿದ್ದೆ ಹೋಗಿದ್ದರು.